ವೇಗದ ಬೌಲಿಂಗ್‌ಗೆ ಇಲ್ಲಿ ಅವಕಾಶವಿಲ್ಲ

ಕೆ.ಆರ್. ಪುರ
ಭಾನುವಾರ, 8 ಡಿಸೆಂಬರ್ 2024

ಮುದ್ದು ಮಧುರಾ,

ಅಮ್ಮ ಕಾಗದ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಆರಾಮ. ಚಳಿಗೆ ತಾತನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೆ. ನಮ್ಮ ಆಫೀಸಿನ ಸುಕನ್ಯ ಮಗಳ ಬಾಣಂತನಕ್ಕೆಂದು ಗುರುವಾರ ಅಡಿಲೇಡಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ನಿನಗೆ ಚಟ್ನಿಪುಡಿ, ನೀನು ಕೇಳಿದ್ದ ದಪ್ಪ ಕಾಲುಚೀಲ, ಜೊತೆಗೆ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಅಳು ಬರುತ್ತದೆ, ಕೊನೆಗೆ ಇಬ್ಬರೂ ಹೇಳಬೇಕಾದ್ದನ್ನು ಬಿಟ್ಟು ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಕಾಗದವನ್ನಾದರೆ ಕೊನೆಯವರೆಗೂ ಓದುತ್ತೀಯ ಎಂಬ ಆಸೆ.

ಮೊದಲು ನಿನ್ನ ಪ್ರಶ್ನೆ. ಕೆಲವು ದೇಶಗಳಲ್ಲೇ ಯಾಕೆ ಒಳ್ಳೆಯ ಫಾಸ್ಟ್ ಬೌಲರ್‌ಗಳು ಹುಟ್ಟುತ್ತಾರೆ ಎಂದು, ಕ್ರಿಕೆಟ್ ಆಡಲು ಹೋದ ನೀವೆಲ್ಲ ಇರುವ ಮನೆಯಲ್ಲಿ ದಿನಾ ಸಂಜೆ ವಾದವಂತೆ. ಆಸ್ಟ್ರೇಲಿಯಾದ ಹುಡುಗಿ ನಮ್ಮ ನೆಲ ಗಟ್ಟಿ, ಊಟ ಗಟ್ಟಿ ಎನ್ನುತ್ತಾಳಂತೆ. ಬಾರ್ಬಡೋಸಿನ ಹುಡುಗಿ ನಮ್ಮ ಅಜ್ಜಂದಿರ ಕಾಲದಲ್ಲಿ ಮಕ್ಕಳು ಬ್ಯಾಟಿಗಿಂತ ಮೊದಲು ಬಾಲ್ ಕೇಳುತ್ತಿದ್ದರು, ಈಗ ನಮ್ಮವರೂ ಬ್ಯಾಸ್ಕೆಟ್‌ಬಾಲ್ ಹಿಂದೆ ಹೋದರು ಎಂದು ಬೇಜಾರು ಮಾಡಿಕೊಳ್ಳುತ್ತಾಳಂತೆ. ನಿನ್ನನ್ನು ಕೇಳಿದಾಗ ನೀನು ಅನ್ನ, ಸಾರು ಎಂದು ನಗಿಸಿದೆಯಂತೆ. ನಮ್ಮ ಮನೆಯ ಮಾನ ಕಳೆಯಬೇಡ ಕಣೇ. ರಾಗಿಮುದ್ದೆ ನುಂಗಿ, ಭಾನುವಾರ ತಪ್ಪದೆ ಮಟನ್ ತಿಂದು ಬೆಳೆದವಳು ನೀನು. ಅನ್ನ ಸಾರಿನವಳು ನಾನು.

ಆಫೀಸಿನಲ್ಲಿ ಊಟದ ಹೊತ್ತಿಗೆ ನಾನೂ ಈ ಪ್ರಶ್ನೆ ಎತ್ತಿದೆ. ಒಂದು ವಾರ ಬೇರೆ ಮಾತೇ ಇಲ್ಲ. ಒಬ್ಬರು ಮೈಕಟ್ಟು ಎಂದರು. ಸುಕನ್ಯ, "ಪಕ್ಕದ ಪಾಕಿಸ್ತಾನದಲ್ಲಿ ನಮಗಿಂತ ಬೇರೆ ಗೋಧಿ ಬೆಳೀತಾರಾ ರೀ? ಅಲ್ಲಿ ಬೀದಿಬೀದೀಲಿ ಟೆನಿಸ್ ಬಾಲಿಗೆ ಟೇಪ್ ಸುತ್ಕೊಂಡು ಜೋರಾಗಿ ಹಾಕ್ತಾರೆ, ಅದಕ್ಕೆ," ಎಂದಳು. ಹೊಸದಾಗಿ ಸೇರಿದ ಹುಡುಗನೊಬ್ಬ, "ಮೇಡಂ, ಈಗ ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ, ನೀವಿನ್ನೂ ಹಳೇ ಕಾಲದಲ್ಲೇ ಇದೀರ," ಎಂದ. ಅವನು ಹೇಳಿದ್ದೂ ನಿಜವೇ. ಆದರೂ ಅವನ ಮಗನನ್ನು ಕ್ರಿಕೆಟ್ ಕ್ಲಾಸಿಗೆ ಸೇರಿಸುವಾಗ ಏನು ಕೊಡಿಸಿದೆ ಎಂದು ಕೇಳಿದೆ. ಬ್ಯಾಟು, ಪ್ಯಾಡು, ಗ್ಲೌಸು. ಬಾಲ್ ಕೊಡಿಸಿರಲಿಲ್ಲ. ಬಾಲ್ ಅವರೇ ಕೊಡ್ತಾರೆ ಮೇಡಂ ಎಂದ.

ನಾನು ಬೆಳೆದದ್ದು ಫ್ಯಾಕ್ಟರಿ ಕಾಲೋನಿಯಲ್ಲಿ, ನಿನಗೆ ಗೊತ್ತು. ಅಲ್ಲಿ ಬ್ಯಾಟು ಯಾರದೋ ಅವನು ಮೊದಲು ಆಡುತ್ತಿದ್ದ. ಬೌಲಿಂಗ್ ಎಂದರೆ ನಮ್ಮ ಸರದಿ ಬರುವವರೆಗೂ ಮಾಡಬೇಕಾದ ಕೆಲಸ. ಬ್ಯಾಟಿನವನಿಗೆ ಬೇಜಾರಾಗದ ಹಾಗೆ ಹಾಕಬೇಕು. ಜೋರಾಗಿ ಹಾಕಿದವನನ್ನು ಮಾರನೆಯ ದಿನ ಆಟಕ್ಕೇ ಕರೆಯುತ್ತಿರಲಿಲ್ಲ. ಇದೇ ನನ್ನ ಉತ್ತರ ಎಂದುಕೊಂಡಿದ್ದೆ. ಆಮೇಲೆ ಈ ಮನೆಯಲ್ಲೇ ಒಂದು ಸಂಗತಿ ಗೊತ್ತಾಯಿತು. ಕಾಗದ ಬರೆಯುತ್ತಿರುವುದು ಅದಕ್ಕೆ.

ಅದಕ್ಕೂ ಮುಂಚೆ ಒಂದು ಮಾತು. ಆ ಪ್ರಶ್ನೆಯ ಜೊತೆಗೆ ನೀನು ನನ್ನ ಫೋನಿಗೆ ಇನ್ನೊಂದು ಸಾಲು ಕಳಿಸಿದ್ದೆ. "ನಮ್ಮಲ್ಲಿ ಫಾಸ್ಟ್ ಬೌಲರ್‌ಗಳು ಯಾಕೆ ಹುಟ್ಟಲ್ಲ ಅನ್ನೋದಕ್ಕೆ ಅಪ್ಪನ ಫೋಟೋ ತೋರಿಸಿದ್ರೆ ಸಾಕು." ಅದನ್ನು ನಿಮ್ಮಪ್ಪ ಓದಿದರು. ನಾನು ತೋರಿಸಲಿಲ್ಲ. ಯಾರದೋ ನಂಬರ್ ಹುಡುಕಲು ನನ್ನ ಫೋನ್ ತೆಗೆದುಕೊಂಡಿದ್ದರು, ಅಷ್ಟರಲ್ಲಿ ಬಂತು. ಓದಿ ಫೋನನ್ನು ಮೇಜಿನ ಮೇಲಿಟ್ಟು, "ಸರಿಯಾಗೇ ಹೇಳಿದಾಳೆ," ಎಂದು ಅಂಗಡಿಗೆ ಹೋದರು.

ನಿನ್ನ ಕೋಪ ತಪ್ಪು ಎಂದು ನಾನು ಹೇಳುವುದಿಲ್ಲ. ತೋಟದ ಜಾಗದಲ್ಲಿ ಕ್ರಿಕೆಟ್ ಗ್ರೌಂಡ್ ಬರುತ್ತದೆ, ನಿನ್ನ ಹೆಸರಿಡುತ್ತಾರೆ ಎಂದು ಸೆಪ್ಟೆಂಬರಿನಲ್ಲಿ ನೀನು ವಿಮಾನ ಹತ್ತುವಾಗ ಎಷ್ಟು ಹಿಗ್ಗಿದ್ದೆ. ತಾತ ಒಂದು ಕಾಲದಲ್ಲಿ ಗುಲಾಬಿ ಬೆಳೆದ ಜಾಗ. ಆಮೇಲೆ ಖಾಲಿ ಬಿದ್ದು, ಯಾರು ಯಾರೋ ಕಸ ಸುರಿದು, ಅದರ ನಡುವೆಯೇ ನೀನೂ ಶಕೀಲಾಳೂ ಹತ್ತು ವರ್ಷದ ಹುಡುಗಿಯರಾಗಿದ್ದಾಗಿಂದ ಓಡಿ ಓಡಿ ಬಾಲ್ ಹಾಕಿ ನೆಲ ಗಟ್ಟಿ ಮಾಡಿದಿರಿ. ಖಾಲಿ ಇಟ್ಟರೆ ಕಸದವರು ಬಿಡುವುದಿಲ್ಲ, ಮನೆ ಕಟ್ಟಿದರೆ ನಿಮಗೆ ಆಡಲು ಜಾಗವಿರುವುದಿಲ್ಲ ಎಂದು ನಿಮ್ಮಪ್ಪ ಯೋಚಿಸುತ್ತಿದ್ದಾಗಲೇ ಜಾಗ ಬಾಡಿಗೆಗೆ ಕೇಳಿಕೊಂಡು ಇಂದಿರಾನಗರದಿಂದ ಭಾರ್ಗವ್ ಬಂದ. ಒಳ್ಳೆಯ ಹುಡುಗ, ಮಾತು ಮೆತ್ತಗೆ. ಹಸಿರು ಹಾಸು, ಸುತ್ತಲೂ ನೆಟ್, ಮೇಲೂ ನೆಟ್, ದೊಡ್ಡ ದೊಡ್ಡ ದೀಪ. ಅವನು ತಂದ ಚಿತ್ರದಲ್ಲಿ ನೋಡಲು ಮದುವೆ ಮಂಟಪದ ಹಾಗಿತ್ತು.

ನವೆಂಬರಿನಲ್ಲಿ ಉದ್ಘಾಟನೆಯಾದಾಗ ಶಕೀಲಾ ನಿನಗೆ ಫೋಟೋ ಕಳಿಸಿದಳು. ಗೇಟಿನ ಮೇಲೆ "ಮಧುರಾ ಸ್ಪೋರ್ಟ್ಸ್ ಅರೇನಾ", ಪಕ್ಕದಲ್ಲಿ ನೀನು ನೆಗೆದು ಬಾಲ್ ಬಿಡುತ್ತಿರುವ ಚಿತ್ರ, ಅದರ ಕೆಳಗೆ ನಿನ್ನ ಶೂಗಳಿಗೆ ತಾಗಿದ ಹಾಗೆ ನಿಯಮಗಳು. ಚಪ್ಪಲಿ ಹೊರಗೆ ಬಿಡಿ. ತಿಂಡಿ ತರಬೇಡಿ. ವೇಗದ ಬೌಲಿಂಗ್‌ಗೆ ಇಲ್ಲಿ ಅವಕಾಶವಿಲ್ಲ.

ಅವತ್ತಿನಿಂದ ಅಪ್ಪ ಫೋನ್ ತೆಗೆದುಕೊಂಡ ಕೂಡಲೇ ನಿನ್ನ ನೆಟ್‌ವರ್ಕ್ ಹೋಗುತ್ತದೆ.

ಆ ನಿಯಮ ಅವರಿಗೆ ಗೊತ್ತಿರಲಿಲ್ಲ ಎಂದು ಬರೆದರೆ ನಿನಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಗೊತ್ತಿತ್ತು. ಭಾರ್ಗವ್ ಕರಾರಿನಲ್ಲೇ ತೋರಿಸಿದ್ದ. "ಅದು ಇರ್ಲಿ ಬಿಡಿ, ಒಳ್ಳೇದೇ," ಎಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ. ಆಗ ನನಗೂ ಅದೇನು ದೊಡ್ಡ ವಿಷಯ ಅನ್ನಿಸಲಿಲ್ಲ. ಉದ್ಘಾಟನೆಯ ದಿನ ಪಾಯಸ ಬಡಿಸುತ್ತಾ ಭಾರ್ಗವ್‌ನನ್ನು ಯಾಕಪ್ಪಾ ಈ ನಿಯಮ ಎಂದು ಕೇಳಿದೆ. ಅವನು ಬಚ್ಚಿಡಲಿಲ್ಲ. "ಆಂಟಿ, ಜಾಗ ಚಿಕ್ಕದು, ಯಾರಿಗಾದ್ರೂ ಬಿದ್ರೆ ಕಷ್ಟ. ಇನ್ನೊಂದು ಏನಂದ್ರೆ, ಇಲ್ಲಿಗೆ ಬರೋರೆಲ್ಲ ಆಫೀಸ್ ಮುಗಿಸಿ ಸಿಕ್ಸ್ ಹೊಡೆಯೋಕೆ ಬರ್ತಾರೆ. ಬಾಲ್ ಹಾಕೋಕೆ ಅಂತ ಯಾರೂ ದುಡ್ಡು ಕೊಟ್ಟು ಬರಲ್ಲ," ಎಂದ. ಇದನ್ನು ನಿನ್ನ ಗೆಳತಿಯರಿಗೆ ಬೇಕಾದರೆ ಹೇಳು. ನಮ್ಮ ಆಫೀಸಿನವರೆಲ್ಲ ಒಂದು ವಾರ ಆಡಿದ ಮಾತಿಗಿಂತ ಇದರಲ್ಲಿ ಹೆಚ್ಚು ಹುರುಳಿದೆ.

ಕುಕ್ಕರ್ ಕೂಗುತ್ತಿದೆ. ತಾತನಿಗೆ ಊಟಕ್ಕೆ ಹೊತ್ತಾಯಿತು. ಮಿಕ್ಕಿದ್ದನ್ನು ನಾಳೆ ಬರೆಯುತ್ತೇನೆ.

ಮಂಗಳವಾರ

ನಾಳೆ ಎಂದು ಬರೆದು ಎರಡು ದಿನ ಸುಮ್ಮನಿದ್ದೆ. ಬರೆಯುವುದಕ್ಕೆ ಹೊತ್ತು ಇರಲಿಲ್ಲ ಎಂದಲ್ಲ. ಇದನ್ನು ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ.

ಉದ್ಘಾಟನೆಯಾದ ಮಾರನೆಯ ವಾರ ಶಕೀಲಾ ಬೆಳಿಗ್ಗೆ ಬಂದಳು. ಜನವರಿಯಲ್ಲಿ ಅವಳಿಗೆ ರಾಜ್ಯ ತಂಡದ ಆಯ್ಕೆ ಇದೆಯಲ್ಲ. ನೀನಿಲ್ಲದೆ ಅವಳಿಗೆ ಜೊತೆಯಿಲ್ಲ, ಈಗ ಜಾಗವೂ ಇಲ್ಲ. ಆ ಹೊತ್ತಿಗೆ ಗ್ರೌಂಡ್ ಖಾಲಿ ಇರುತ್ತದೆ, ಹಾಕ್ಕೊಳಮ್ಮ ಎಂದು ಬರಹೇಳಿದವರು ನಿಮ್ಮಪ್ಪನೇ. ಅವಳು ಒಳಗೆ ಹೋಗಿ ಹೆಜ್ಜೆ ಅಳೆದು ನೋಡಿದಳು. ಆ ಕಡೆಯ ನೆಟ್‌ಗೆ ಬೆನ್ನು ಕೊಟ್ಟು ನಿಂತರೂ ಅರ್ಧ ಓಟಕ್ಕೂ ಜಾಗ ಸಾಲದು. ಆಮೇಲೆ ಅವಳು ಮಾಡಿದ ಕೆಲಸ ನೋಡಿದ್ದರೆ ನೀನು ನಗುತ್ತಿದ್ದೆ. ಗೇಟು ತೆಗೆದಿಟ್ಟು ರಸ್ತೆಗೆ ಬಂದಳು. ಹಾಲಿನ ಬೂತಿನ ಹತ್ತಿರದಿಂದ ಓಡಲು ಶುರು. ರಸ್ತೆ ದಾಟಿ, ಗೇಟು ದಾಟಿ, ಒಳಗೆ ಬಂದು ಬಾಲ್ ಬಿಡುವುದು. ತಾತ ಕೋಲು ಅಡ್ಡ ಹಿಡಿದುಕೊಂಡು ರಸ್ತೆಯ ನಡುವೆ ನಿಂತು ಸ್ಕೂಟರಿನವರನ್ನೆಲ್ಲ ನಿಲ್ಲಿಸುತ್ತಿದ್ದರು. ಒಬ್ಬ ಬೈಯಲು ಬಾಯಿ ತೆರೆದವನು ಅವಳು ಓಡಿದ್ದನ್ನು ನೋಡಿ ಗಾಡಿ ಆಫ್ ಮಾಡಿಕೊಂಡು ನಿಂತ.

ಮೂರೋ ನಾಲ್ಕೋ ಬಾಲ್ ಆಗಿರಬೇಕು. ಒಂದು ಹಿಂದಿನ ನೆಟ್ ಹರಿದುಕೊಂಡು ಹೋಗಿ ಅಲ್ಲಿದ್ದ ಕ್ಯಾಮೆರಾ ಒಡೆಯಿತು. ಭಾರ್ಗವ್ ಬಂದ. ಜೋರು ಮಾಡಲಿಲ್ಲ. ಸರ್, ನೀವೇ ಹೇಳಿ ಎಂದು ನಿಮ್ಮಪ್ಪನ ಮುಖ ನೋಡಿದ. ನಿಮ್ಮಪ್ಪ ಶಕೀಲಾಳ ಹತ್ತಿರ ಹೋಗಿ, "ಇಲ್ಲಿ ಬೇಡ ಕಣಮ್ಮ. ಹಾಕೋದಾದ್ರೆ ನಿಧಾನಕ್ಕೆ ಹಾಕು," ಎಂದರು.

ಅವಳು ಬಾಲನ್ನು ಚೀಲಕ್ಕೆ ಹಾಕಿಕೊಂಡು, "ನಿಧಾನಕ್ಕೆ ಹಾಕೋದಾದ್ರೆ ನಾನ್ಯಾಕೆ ಬೇಕು ಅಂಕಲ್?" ಎಂದು ಕೇಳಿ ಹೊರಟುಹೋದಳು. ಕೋಪದಲ್ಲಿ ಹೇಳಿದ ಹಾಗಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು. ನಿನ್ನ ಸಾಲು ಬಂದದ್ದೂ ಅವತ್ತೇ.

ನನಗೆ ನಿಮ್ಮಪ್ಪನ ಮೇಲೆ ಸಿಟ್ಟು ಬಂತು, ವಾರವಾದರೂ ಇಳಿಯಲಿಲ್ಲ. ಕಾಫಿ ಕೊಡುವ ನೆಪದಲ್ಲಿ ತಾತನ ಹತ್ತಿರ ಹೋಗಿ, ಅಷ್ಟು ಚಿಕ್ಕ ಹುಡುಗಿಗೆ ಹಾಗೆ ಹೇಳುವುದಾ ಮಾವ, ಇವರು ಯಾಕೆ ಹೀಗೆ ಎಂದೆ. ತಾತ ಕಾಫಿ ಮುಟ್ಟಲಿಲ್ಲ.

"ನಿಂಗೆ ಹೇಳಿಲ್ವಾ ಅವ್ನು?" ಎಂದರು.

ಏನನ್ನು ಎಂದು ಕೇಳಿದೆ.

"ಸುನೀಲ ಚೆಂಡು ಹಾಕ್ತಿದ್ದ ಕಣಮ್ಮ. ಈ ಹುಡ್ಗೀರ ಹಂಗೇನೆ, ಇನ್ನೂ ಜೋರು. ಹಲಸೂರಿಂದ ಎಲ್ಲ ಬಂದು ಕರ್ಕೊಂಡು ಹೋಗೋರು. ಅವ್ನು ಹಾಕಿದ್ ಚೆಂಡು ಕಣ್ಣಿಗೇ ಕಾಣ್ತಿರ್ಲಿಲ್ಲ. ರಾಮು ಕಣ್ಣಿಗೂ ಕಾಣ್ಲಿಲ್ಲ."

ಮಧು, ನಿನ್ನ ರಾಮು ದೊಡ್ಡಪ್ಪನ ಎಡಗಣ್ಣು ಹೋಗಿದ್ದು ಸ್ಕೂಟರಿನಿಂದ ಬಿದ್ದು ಅಲ್ಲ. ನಮ್ಮ ತೋಟದ ಜಾಗದಲ್ಲೇ ಆಡುತ್ತಿದ್ದರಂತೆ. ನಿಮ್ಮಪ್ಪನಿಗೆ ಆಗ ಹತ್ತೊಂಬತ್ತು. ಬಾಲ್ ನೆಲಕ್ಕೆ ಬಿದ್ದು ಎದ್ದು ನೇರವಾಗಿ ಮುಖಕ್ಕೆ. ಆ ಕಾಲದಲ್ಲಿ ಊರ ಹುಡುಗರಿಗೆ ಹೆಲ್ಮೆಟ್ ಎಲ್ಲಿಂದ ಬರಬೇಕು? ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು, ಕಣ್ಣು ಉಳಿಯಲಿಲ್ಲ. ಅಣ್ಣನ ಮಗನ ಕಣ್ಣು ಹೋಯಿತು ಎಂದು ತಾತ ಆ ಬಾಲನ್ನು ತೆಗೆದು ಬಾವಿಗೆ ಎಸೆದರಂತೆ. ಮುನೇಶ್ವರನ ಗುಡಿಯ ಮುಂದೆ ನಿಮ್ಮಪ್ಪನನ್ನು ನಿಲ್ಲಿಸಿ ಇನ್ನು ಬಾಲ್ ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದರಂತೆ. ಮಗನನ್ನು ಯಾರೂ ಬೆರಳು ಮಾಡಿ ತೋರಿಸಬಾರದು ಎಂದು ಊರಿಗೆಲ್ಲ ಸ್ಕೂಟರ್ ಕಥೆ ಹೇಳಿದರಂತೆ.

"ಅವತ್ತಿಗೆ ಅದೇ ಸರಿ ಅನ್ಸ್ತು," ಎಂದರು ತಾತ. ಆಮೇಲೆ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಮದುವೆಯಾಗಿ ಇಷ್ಟು ವರ್ಷವಾಯಿತು, ನನಗೂ ಹೇಳಿರಲಿಲ್ಲ. ಅದಕ್ಕೆ ಮೊದಲು ನೋವಾಯಿತು. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಅಪ್ಪ ನನ್ನ ಮ್ಯಾಚಿಗೆ ಬರಲ್ಲ ಎಂದು ನೀನು ಯಾವಾಗಲೂ ಅಳುತ್ತಿದ್ದೆ. ಒಂದು ಸಲ ಬಂದಿದ್ದರು, ನಿನಗೆ ಗೊತ್ತಿಲ್ಲ. ನಿನ್ನ ಮೊದಲ ಜಿಲ್ಲಾ ಮ್ಯಾಚು. ಮರದ ಹಿಂದೆ ನಿಂತಿದ್ದರು. ನೀನು ಹಾಕಿದ ಒಂದು ಬಾಲ್ ಆ ಹುಡುಗಿಯ ಭುಜದ ಹತ್ತಿರಕ್ಕೆ ಎದ್ದಿತು, ಇವರು ತಿರುಗಿ ನಡೆದುಬಿಟ್ಟರು. ಅಂಗಡಿಯಲ್ಲಿ ಕೆಲಸವಿದೆಯಂತೆ ಎಂದು ನಾನೂ ನಂಬಿದೆ. ನಿನ್ನ ಸ್ಕೂಲ್ ಟೀಮಿಗೆಲ್ಲ ಹೆಲ್ಮೆಟ್ ಕೊಡಿಸಿದಾಗ ದೊಡ್ಡಸ್ತಿಕೆ ತೋರಿಸುತ್ತಾರೆ ಎಂದು ನಾವಿಬ್ಬರೂ ನಕ್ಕಿದ್ದೆವು. ಮತ್ತೆ ಆ ಫೋನು. ಪ್ರತಿ ಮ್ಯಾಚ್ ಆದ ಮೇಲೆ ನೀನು ಅಪ್ಪಾ ಎಂದ ಕೂಡಲೇ ಅವರು ಕೇಳುತ್ತಿದ್ದದ್ದು, ಯಾರಿಗೂ ಏಟಾಗಲಿಲ್ಲ ತಾನೆ? ಎಷ್ಟು ವಿಕೆಟ್ ಬಂತು ಅಂತ ಒಂದು ದಿನವೂ ಕೇಳಲ್ಲ ನೋಡಮ್ಮ ಎಂದು ನೀನು ಸಿಡಿಮಿಡಿಗೊಳ್ಳುತ್ತಿದ್ದೆ. ಅವರಿಗೆ ವಿಕೆಟ್ ಕಾಣಿಸುತ್ತಲೇ ಇರಲಿಲ್ಲ. ಬ್ಯಾಟ್ ಹಿಡಿದವರ ಮುಖವೊಂದೇ ಕಾಣಿಸುತ್ತಿತ್ತು. ಆದರೂ ನಿನಗೆ ಒಂದು ದಿನ ಬೇಡ ಎನ್ನಲಿಲ್ಲ. ಅದಕ್ಕೆ ಎಷ್ಟು ಕಷ್ಟಪಟ್ಟಿರಬೇಕೆಂದು ಈಗ ಯೋಚಿಸುತ್ತೇನೆ.

ತಾತ ಹೇಳಿದರು ಎಂದು ಅವರಿಗೆ ಹೇಳಿದೆ. ಬೆಳಿಗ್ಗೆ ದೋಸೆ ತಿನ್ನುತ್ತಿದ್ದರು. ಕೈ ನಿಂತಿತು. ತಟ್ಟೆ ಪಕ್ಕಕ್ಕೆ ಸರಿಸಿ, "ಭಾನುವಾರ ರಾಮಣ್ಣನ ಹತ್ರ ಹೋಗ್ಬರೋಣ, ನೀನೂ ಬಾ," ಎಂದರು.

ಹೋದ ತಿಂಗಳ ಕೊನೆಗೆ ಆ ಭಾನುವಾರ ಹೋದಾಗ ಕಮ್ಮನಹಳ್ಳಿಯ ತಮ್ಮ ಅಂಗಡಿಯಲ್ಲೇ ಸಿಕ್ಕರು ರಾಮು ಭಾವ. ಕರ್ಟನ್ ಬಟ್ಟೆಗಳ ನಡುವೆ ಮೂರು ಸ್ಟೂಲು ಹಾಕಿಸಿ ಬಾದಾಮಿ ಹಾಲು ತರಿಸಿದರು. ನಿಮ್ಮಪ್ಪ ಗ್ಲಾಸನ್ನೇ ತಿರುಗಿಸುತ್ತಾ ಕುಳಿತರು. ನಾನೇ ವಿಷಯ ತೆಗೆದೆ. ನಿನ್ನ ಬೋರ್ಡು, ಶಕೀಲಾ, ನೀನು ಬರೆದ ಸಾಲು, ಎಲ್ಲ ಹೇಳಿದೆ. ಬೋರ್ಡಿನ ಕಥೆಗೆ ರಾಮು ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಿಮ್ಮಪ್ಪನ ಕಡೆ ತಿರುಗಿ ಒಂದೇ ಸಮ ಮಾತನಾಡಿದರು. ನೆನಪಿದ್ದಷ್ಟು ಬರೆಯುತ್ತೇನೆ.

"ಸುನಿ, ಜೋರಾಗಿ ಹಾಕೋ, ನೋಡೇ ಬಿಡ್ತೀನಿ ಅಂದಿದ್ದು ನಾನು. ನೀನು ಬೇಡ ಅಂದೆ. ಹೆಲ್ಮೆಟ್ ಇರ್ಲಿಲ್ಲ, ಅದು ತಪ್ಪು. ನೀನು ಹಾಕಿದ್ದು ತಪ್ಪಲ್ಲ. ಆಸ್ಪತ್ರೇಲಿ ಮಲಗಿದ್ದಾಗ ಏನು ಅಂದ್ಕೋತಿದ್ದೆ ಗೊತ್ತಾ? ಇವನು ಮುಂದೆ ದೊಡ್ಡ ಬೌಲರ್ ಆಗ್ತಾನೆ, ಇವನ ಬಾಲ್ ತಿಂದವನು ನಾನು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀನಿ ಅಂತ. ಮನೆಗೆ ಬಂದು ನೋಡಿದ್ರೆ ನೀನು ಆಡೋದೇ ಬಿಟ್ಟಿದೀಯ. ಚಿಕ್ಕಪ್ಪ ಸ್ಕೂಟರ್ ಕಥೆ ಕಟ್ಟಿದ್ದಾನೆ. ನನಗೆ ಸ್ಕೂಟರ್ ಓಡಿಸೋಕೇ ಬರ್ತಿರ್ಲಿಲ್ಲ ಆಗ. ನನ್ನ ಕಣ್ಣೂ ಹೋಯ್ತು, ಹೇಳ್ಕೊಳ್ಳೋಕೆ ಒಂದು ಕಥೆ ಇತ್ತು, ಅದೂ ಹೋಯ್ತು."

ನಿಮ್ಮಪ್ಪ, "ಯಾಕಣ್ಣ ಒಂದಿನಾನೂ ಹೇಳ್ಲಿಲ್ಲ?" ಎಂದು ಕೇಳಿದರು.

"ನೀನು ನನ್ನ ಮುಖ ನೋಡಿ ಮಾತಾಡಿದ್ರೆ ತಾನೆ ಹೇಳೋದು," ಎಂದರು ರಾಮು ಭಾವ. "ಮದುವೆ ಮುಂಜಿಲಿ ಸಿಕ್ಕಿದ್ರೂ ನನ್ನ ಭುಜ ನೋಡಿ ಮಾತಾಡ್ತಿದ್ದೆ."

ಆಗ ನಿಮ್ಮಪ್ಪ ಅತ್ತರು. ನಾನು ಎದ್ದು ಹೋಗಿ ಬಟ್ಟೆ ನೋಡುವವಳ ಹಾಗೆ ನಿಂತುಕೊಂಡೆ. ಗಿರಾಕಿಯೊಬ್ಬಳು ಬಂದಾಗ ರಾಮು ಭಾವ ಒಂದು ಕೈ ತಮ್ಮನ ಹೆಗಲ ಮೇಲೆ ಇಟ್ಟುಕೊಂಡೇ ಇನ್ನೊಂದು ಕೈಯಿಂದ ಅವಳಿಗೆ ಬಟ್ಟೆ ತೋರಿಸಿದರು.

ಆಮೇಲೆ ನಡೆದದ್ದೆಲ್ಲ ಬೇಗ ಬೇಗ. ಕರಾರು ಮುರಿಯಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಭಾರ್ಗವ್ ಏನೂ ತಪ್ಪು ಮಾಡಿಲ್ಲ. ಆದರೆ ಗ್ರೌಂಡಿನ ಪಕ್ಕ, ಕಾಂಪೌಂಡಿಗೆ ತಾಗಿದ ಹಾಗೆ ಬೈಕ್ ನಿಲ್ಲಿಸಲು ಬಿಟ್ಟಿದ್ದ ಉದ್ದನೆಯ ಪಟ್ಟಿ ಇದೆಯಲ್ಲ, ಅದನ್ನು ನಿಮ್ಮಪ್ಪ ಕೇಳಿದರು. ಬೈಕುಗಳನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿಕೊಳ್ಳಲಿ ಎಂದರು. ಭಾರ್ಗವ್ ತಲೆ ಕೆರೆದುಕೊಂಡು, ಅಲ್ಲಿ ಯಾರೂ ಬುಕ್ ಮಾಡಲ್ಲ ಸರ್ ಎಂದ. "ಬುಕ್ ಮಾಡೋದು ಬೇಡ, ಬೆಳಿಗ್ಗೆ ಖಾಲಿ ಬಿಟ್ರೆ ಸಾಕು," ಎಂದರು ಇವರು. ದಪ್ಪ ನೆಟ್ ಕಟ್ಟಿಸಿದರು. ಬೇಕಾದ ಕಂಬಿ, ತಂತಿಯೆಲ್ಲ ನಮ್ಮ ಹಾರ್ಡ್‌ವೇರ್ ಅಂಗಡಿಯದೇ. ಶಿವಾಜಿನಗರಕ್ಕೆ ಹೋಗಿ ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಎದೆಗೆ ಕಟ್ಟುವ ಗಾರ್ಡ್ ತಂದರು.

ಶಕೀಲಾಳನ್ನು ಕರೆಯಲು ನಾವಿಬ್ಬರೂ ಅವರ ಮನೆಗೇ ಹೋದೆವು. ಅವರಮ್ಮ ಶರ್ಫುನ್ನೀಸಾ ಬಾಗಿಲಲ್ಲೇ ನಿಲ್ಲಿಸಿದರು. "ಜೋರಾಗಿ ಹಾಕ್ಬೇಡ ಅಂದ್ರಂತೆ. ನಮ್ಮ ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಈಗ ಯಾಕೆ ಬಂದ್ರಿ ಭಾಯಿ?" ಎಂದರು. "ನಾನೇ ಹೆಲ್ಮೆಟ್ ಹಾಕ್ಕೊಂಡು ಎದುರಿಗೆ ನಿಲ್ತೀನಿ ಅಂತ ಹೇಳೋಕೆ ಬಂದೆ," ಎಂದರು ನಿಮ್ಮಪ್ಪ. ಅವರು ಇವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಒಳಗೆ ತಿರುಗಿ ಟೀಗೆ ಹೇಳಿದರು.

ಮೊದಲ ದಿನ ಶಕೀಲಾ, ಪಾಪ ಅಂಕಲ್ ಎಂದು ಮರುಕಪಟ್ಟು ಮೆಲ್ಲಗೆ ಹಾಕಿದಳು. ಇವರು ಬ್ಯಾಟು ಕೆಳಗಿಟ್ಟು, ನಿಧಾನಕ್ಕೆ ಹಾಕೋದಾದ್ರೆ ನಾನ್ಯಾಕಮ್ಮ ಬೇಕು ಎಂದು ಅವಳ ಮಾತನ್ನೇ ಅವಳಿಗೆ ಕೊಟ್ಟರು. ಮುಂದಿನದು ಪಕ್ಕೆಲುಬಿಗೆ ಬಿತ್ತು. ಅಂಗೈ ಅಗಲ ನೀಲಿಗಟ್ಟಿದೆ. ಬಿಸಿನೀರಿನ ಶಾಖ ಕೊಡುವಾಗ ಯಾಕ್ರೀ ಇದೆಲ್ಲ ಎಂದೆ. ಏಟು ಬಿದ್ದ ಮೇಲೆ ಮೊದಲು ಶಕೀಲಾಳ ಮುಖ ನೋಡಿದರಂತೆ. ಅವಳು ಹೆದರಿ ಬಾಯಿ ಮುಚ್ಚಿಕೊಂಡು ನಿಂತಿದ್ದಳಂತೆ. "ಏನಿಲ್ಲ, ಇನ್ನೊಂದು ಹಾಕು ಅಂದೆ ರಂಜನಾ. ಅವತ್ತು ನಂಗೆ ಯಾರೂ ಹಾಗೆ ಹೇಳ್ಲಿಲ್ಲ," ಎಂದರು.

ಅವಳು ಇನ್ನೊಂದು ಹಾಕಿದಳು. ಈಗ ದಿನವೂ ಬರುತ್ತಾಳೆ.

ನಿನ್ನ ಗೆಳತಿಯರಿಗೆ ನನ್ನ ಉತ್ತರ ಇದೇ, ತಿದ್ದುವುದಿದ್ದರೆ ನೀನು ತಿದ್ದಿಕೋ. ನೆಲ, ಊಟ, ಮೈಕಟ್ಟು ಎಲ್ಲ ಇರಬಹುದು, ಅದನ್ನು ಬಲ್ಲವರು ಹೇಳಲಿ. ನನಗೆ ಅನ್ನಿಸುವುದು, ಜೋರಾಗಿ ಬಾಲ್ ಹಾಕುವ ಮಕ್ಕಳು ಎಲ್ಲ ಊರಲ್ಲೂ ಹುಟ್ಟುತ್ತಾರೆ. ಮೊದಲನೆಯ ಸಲ ಯಾರಿಗಾದರೂ ಏಟಾದ ದಿನ ದೊಡ್ಡವರು ಏನು ಮಾಡುತ್ತಾರೆ ಎನ್ನುವುದರಲ್ಲಿ ವ್ಯತ್ಯಾಸವಾಗುತ್ತದೆ. ಕೆಲವು ಕಡೆ ಬ್ಯಾಟ್ ಹಿಡಿದವನಿಗೆ ಹೆಲ್ಮೆಟ್ ತಂದುಕೊಡುತ್ತಾರೆ. ನಮ್ಮ ಮನೆಯಲ್ಲಿ ಬಾಲ್ ಕಿತ್ತುಕೊಂಡರು. ತಾತನನ್ನು ಇದಕ್ಕೆ ಬೈಯಬೇಡ. ಆ ಹುಡುಗನ ರಕ್ತ ನೋಡಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ನಿನ್ನಿಂದ ನಾನು ದೊಡ್ಡದೇನನ್ನೂ ಕೇಳುವುದಿಲ್ಲ. ಕ್ಷಮೆ ಕೇಳು ಎನ್ನುವುದಿಲ್ಲ, ಅವರೂ ಕೇಳುವುದಿಲ್ಲ, ಈ ಮನೆಯವರ ಬಾಯಿಗೆ ಆ ಮಾತು ಬರುವುದಿಲ್ಲ. ಮುಂದಿನ ಸಲ ಅವರು ಫೋನ್ ತೆಗೆದುಕೊಂಡಾಗ ನೆಟ್‌ವರ್ಕ್ ಹೋಗದಿರಲಿ. ರಾಮು ದೊಡ್ಡಪ್ಪನ ಕಣ್ಣಿನ ವಿಷಯ ನಿನಗೆ ಗೊತ್ತೆಂದು ತೋರಿಸಿಕೊಳ್ಳಬೇಡ, ಅವರೇ ಹೇಳುವವರೆಗೂ ಕಾಯಿ. ಯಾರಿಗೂ ಏಟಾಗಲಿಲ್ಲ ತಾನೆ ಎಂದು ಅವರು ಕೇಳಿದರೆ ಸಮಾಧಾನವಾಗಿ ಉತ್ತರ ಕೊಡು. ಶಕೀಲಾಳ ಎಡಗಾಲು ಬಾಲ್ ಬಿಡುವಾಗ ಹೊರಗೆ ಬೀಳುತ್ತದೆ ಎಂದು ಎರಡು ದಿನದಿಂದ ಒದ್ದಾಡುತ್ತಿದ್ದಾರೆ. ಅದರ ಬಗ್ಗೆ ಏನಾದರೂ ಕೇಳು. ಮಾತು ತಾನಾಗಿ ಬರುತ್ತದೆ.

ಬೋರ್ಡು ಹಾಗೇ ಇದೆ. ತೆಗೆಸುತ್ತೇನೆ ಎಂದರು, ನಾನೇ ಬೇಡ ಎಂದೆ. ಫೋಟೋದಲ್ಲಿ ನೀನು ಚೆನ್ನಾಗಿ ಬಂದಿದ್ದೀಯ.

ಬೆನ್ನು ನೋಯಿಸಿಕೊಳ್ಳಬೇಡ. ಬಿಸಿಲಿನಲ್ಲಿ ಟೋಪಿ ಹಾಕಿಕೋ. ಬಾರ್ಬಡೋಸಿನ ಹುಡುಗಿಗೆ ಚಟ್ನಿಪುಡಿ ಕೊಡುವಾಗ ತುಪ್ಪ ಇಲ್ಲದೆ ಕೊಡಬೇಡ, ಪಾಪ ಖಾರ ತಡೆಯಲಾರಳು.

ನಿನ್ನ ದಾರಿ ನೋಡುತ್ತಾ, ಆದರೆ ಅವಸರವಿಲ್ಲದೆ,
ಅಮ್ಮ
ರಂಜನಾ

ಗುರುವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಇವತ್ತು ಶಕೀಲಾಳಿಗೆ ಕಾಲೇಜಿನಲ್ಲಿ ಪರೀಕ್ಷೆ, ಬಂದಿರಲಿಲ್ಲ. ಪಟ್ಟಿಯ ಹತ್ತಿರ ಯಾರೋ ಓಡಿದ ಸದ್ದಾಯಿತು ಎಂದು ಮಹಡಿಯ ಕಿಟಕಿಯಿಂದ ನೋಡಿದೆ. ಓಡಿ ಬಂದ ರೀತಿಗೆ ಒಂದು ಕ್ಷಣ ನೀನೇ ಅಂದುಕೊಂಡೆ. ನಿಮ್ಮಪ್ಪ. ಎದುರಿಗೆ ಯಾರೂ ಇಲ್ಲ, ಸ್ಟಂಪ್ ಮಾತ್ರ. ಬಾಲ್ ಎಲ್ಲೋ ದೂರಕ್ಕೆ ಹೋಗಿ ಗೋಡೆಗೆ ಬಡಿಯಿತು. ಅವರೇ ನಡೆದುಹೋಗಿ ತಂದರು, ಪ್ಯಾಂಟಿಗೆ ಒರೆಸಿದರು, ಯಾರಾದರೂ ನೋಡುತ್ತಿದ್ದಾರಾ ಎಂದು ಸುತ್ತ ಕಣ್ಣಾಡಿಸಿ, ಮತ್ತೆ ಓಟದ ತುದಿಗೆ ಹೋಗಿ ನಿಂತರು. ನಾನು ಕಿಟಕಿಯಿಂದ ಸರಿದುಬಿಟ್ಟೆ. ಎರಡನೆಯದು ಸ್ಟಂಪಿಗೆ ಬಿದ್ದ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.